ಸೋತವರಿಗೂ ನಾಳೆ ಒಂದು ಪಂದ್ಯ

ಹದಿನಾರು ಕಾಲೇಜು ತಂಡಗಳು ಒಂದು ಮೈದಾನದಲ್ಲಿ ಸೇರಿ ನಾಕೌಟ್ ಪದ್ಧತಿಯಲ್ಲಿ ಖೋ ಖೋ ಆಡಿದರೆ ಕಪ್ ಯಾರದೆಂದು ತೀರ್ಮಾನವಾಗಲು 15 ಪಂದ್ಯ ಬೇಕು. ಆರೇ ತಂಡಗಳು ಸೇರಿ, ಒಂದೊಂದು ತಂಡವೂ ಉಳಿದ ಐದರ ಮೇಲೂ ಒಮ್ಮೊಮ್ಮೆ ಆಡುವ ಲೀಗ್ ನಡೆಸಿದರೆ ಅದಕ್ಕೂ ಬೇಕಾಗುವುದು 15 ಪಂದ್ಯವೇ. ಸುಣ್ಣದ ಪುಡಿ ಅಷ್ಟೇ, ಅಂಪೈರುಗಳ ಸೀಟಿ ಅಷ್ಟೇ, ಮೈದಾನಕ್ಕೆ ನೀರು ಹೊಡೆಯುವ ಕೆಲಸವೂ ಅಷ್ಟೇ. ಆದರೆ ನಾಕೌಟಿನಲ್ಲಿ 8 ತಂಡಗಳು ಒಂದೇ ಒಂದು ಪಂದ್ಯ ಆಡಿ ಬಸ್ ಹತ್ತುತ್ತವೆ. ಲೀಗಿನಲ್ಲಿ ಕಟ್ಟಕಡೆಗೆ ಉಳಿದ ತಂಡವೂ 5 ಪಂದ್ಯ ಆಡಿರುತ್ತದೆ.

ಕೇಳುಗರೇ, ಈ ಲೆಕ್ಕವನ್ನು ಮೊದಲೇ ಇಟ್ಟಿದ್ದಕ್ಕೆ ಕಾರಣವಿದೆ. ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ಸೀಮೆಯಲ್ಲಿ ಆಟಗಾರರಿಗೆ ಬರವಿಲ್ಲ. ಪ್ರಾಥಮಿಕ ಶಾಲೆಯ ಅಂಗಳದಲ್ಲೇ ಎರಡು ಕಂಬ ನೆಟ್ಟು ಖೋ ಖೋ ಕಲಿತ ಮಕ್ಕಳು ಇಲ್ಲಿ ಹಳ್ಳಿ ಹಳ್ಳಿಯಲ್ಲೂ ಇದ್ದಾರೆ. ಕುಮುದ್ವತಿ ನದಿ ಗುಡ್ಡಗಳ ನಡುವೆ ಹರಿಯುವ ಕಡೆ ಕಟ್ಟಿದ ಮದಗ ಮಾಸೂರಿನ ಕೆರೆ, ಸರ್ವಜ್ಞನ ಹೆಸರಿನ ಜೊತೆ ಬೆಸೆದುಕೊಂಡ ಮಾಸೂರು, ಪಕ್ಕದ ರಟ್ಟೀಹಳ್ಳಿ, ಅಬಲೂರು: ಈ ಊರುಗಳಿಂದ ಬೆಳಿಗ್ಗೆ ಬಸ್ ಹಿಡಿದು ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಲ್ಲಿ ಶಾಲೆಯ ದಿನಗಳಲ್ಲಿ ತಾಲ್ಲೂಕು ಮಟ್ಟಕ್ಕೆ ಆಡಿದವರು ಬೇಕಾದಷ್ಟು ಸಿಗುತ್ತಾರೆ. ಅವರಿಗೆ ಸಿಗದಿರುವುದು ಪಂದ್ಯಗಳು.

ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಳಗಾವಿ ವಿಭಾಗಕ್ಕೆ, ಅಲ್ಲಿಂದ ರಾಜ್ಯ ಮಟ್ಟಕ್ಕೆ ಏರುತ್ತದೆ. ಕಾಲೇಜುಗಳ ಪಂದ್ಯಾವಳಿಯದೂ ಇಂಥದೇ ಏಣಿ. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿ ಈ ಭಾಗದ ಕಾಲೇಜುಗಳು ದಶಕಗಳ ಕಾಲ ಅಂತರ ಕಾಲೇಜು ಪಂದ್ಯಗಳನ್ನು ಆಡಿಕೊಂಡು ಬಂದವು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು. 2023ರಲ್ಲಿ ಕೆರಿಮತ್ತಿಹಳ್ಳಿಯಲ್ಲಿ ಹಾವೇರಿಗೆ ತನ್ನದೇ ವಿಶ್ವವಿದ್ಯಾಲಯ ಬಂತು. ಏಣಿಯ ಮೆಟ್ಟಿಲುಗಳಿಗೆ ಹೆಸರು ಬದಲಾಗಬಹುದು. ಒಂದು ಸಲ ಕಾಲು ಜಾರಿದವರು ಮುಂದಿನ ವರ್ಷದವರೆಗೆ ಕೆಳಗೇ ನಿಲ್ಲಬೇಕೆಂಬುದು ಮಾತ್ರ ಹಾಗೆಯೇ ಇದೆ.

ಖೋ ಖೋ ಪಂದ್ಯದಲ್ಲಿ ಒಬ್ಬ ಆಟಗಾರ್ತಿಗೆ ನಿಜವಾಗಿ ದಕ್ಕುವ ಸಮಯ ಎಷ್ಟು? ಹಿರಿಯರ ಪಂದ್ಯ ಎರಡು ಇನಿಂಗ್ಸಿನದು. ಪ್ರತಿ ಇನಿಂಗ್ಸಿನಲ್ಲೂ ಒಂಬತ್ತು ನಿಮಿಷ ಅಟ್ಟಿಸಿಕೊಂಡು ಹೋಗುವುದು, ಒಂಬತ್ತು ನಿಮಿಷ ತಪ್ಪಿಸಿಕೊಂಡು ಓಡುವುದು. ಒಟ್ಟು 36 ನಿಮಿಷ. ಅಟ್ಟುವ ಸರದಿಯಲ್ಲಿ ಎಂಟು ಮಂದಿ ಸಾಲಾಗಿ ಕುಳಿತಿರುತ್ತಾರೆ, ಒಬ್ಬರು ಓಡುತ್ತಿರುತ್ತಾರೆ. ತಪ್ಪಿಸಿಕೊಳ್ಳುವ ಸರದಿಯಲ್ಲಿ ಮೂವರು ಮೂವರಾಗಿ ಅಂಗಳಕ್ಕೆ ಇಳಿಯುತ್ತಾರೆ. ಎದುರಾಳಿ ಚುರುಕಾಗಿದ್ದರೆ ಒಬ್ಬ ಹುಡುಗಿ ಅಂಗಳದಲ್ಲಿ ನಿಲ್ಲುವುದು ಒಂದು ನಿಮಿಷವೋ, ಒಂದೂವರೆ ನಿಮಿಷವೋ. ಅಂದರೆ ವರ್ಷವಿಡೀ ಬೆಳಿಗ್ಗೆ ಎದ್ದು ಅಭ್ಯಾಸ ಮಾಡಿದವಳು, ಮೊದಲ ಸುತ್ತಿನಲ್ಲೇ ತಂಡ ಸೋತರೆ, ಎರಡು ಇನಿಂಗ್ಸ್ ಸೇರಿ ಮೂರು ನಿಮಿಷ ಓಡಿ ಆ ವರ್ಷದ ಆಟ ಮುಗಿಸುತ್ತಾಳೆ. ಹನ್ನೆರಡು ಮಂದಿಯ ತಂಡದಲ್ಲಿ ಅಂಗಳಕ್ಕೆ ಇಳಿಯುವವರು ಒಂಬತ್ತು. ಉಳಿದ ಮೂವರಿಗೆ ಆ ಮೂರು ನಿಮಿಷವೂ ಇಲ್ಲ.

ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಒಂದೇ ದಿನದಲ್ಲಿ, ಒಂದೇ ಮೈದಾನದಲ್ಲಿ ಹತ್ತಾರು ತಂಡಗಳ ಪಂದ್ಯಾವಳಿ ಮುಗಿಸಬೇಕಾದ ದೈಹಿಕ ಶಿಕ್ಷಣ ನಿರ್ದೇಶಕರಿಗೆ ನಾಕೌಟ್ ಬಿಟ್ಟರೆ ದಾರಿಯಿಲ್ಲ. ಹುಡುಗರು ‘ಪಿ.ಡಿ. ಸರ್’ ಎಂದು ಕರೆಯುವ ಆ ಒಬ್ಬ ಮನುಷ್ಯನೇ ಕಾಲೇಜಿನ ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್, ಖೋ ಖೋ ಎಲ್ಲವನ್ನೂ ನೋಡಿಕೊಳ್ಳಬೇಕು. ನಾಕೌಟ್ ಅವರ ಸಮಯ ಉಳಿಸುತ್ತದೆ. ಆಟಗಾರರು ಅದಕ್ಕೆ ಬೆಲೆ ತೆರುತ್ತಾರೆ.

ಹೊರಗಿನ ಜಗತ್ತಿನಲ್ಲಿ ಇದನ್ನು ಬೇರೆ ರೀತಿ ಬಗೆಹರಿಸಿಕೊಂಡವರಿದ್ದಾರೆ. ಅಮೆರಿಕದ ಕಾಲೇಜುಗಳಲ್ಲಿ ಲಕ್ರಾಸ್ ಎಂಬ ಆಟವಿದೆ. ಉದ್ದನೆಯ ಕೋಲಿನ ತುದಿಗೆ ಬಲೆಯ ಜೋಳಿಗೆ, ಅದರಲ್ಲಿ ಗಟ್ಟಿ ರಬ್ಬರಿನ ಚೆಂಡು. ಚೆಂಡನ್ನು ಬಲೆಯಲ್ಲೇ ಹಿಡಿದು, ಬಲೆಯಿಂದಲೇ ಎಸೆದು ಎದುರಾಳಿಯ ಗೋಲಿಗೆ ಹೊಡೆಯಬೇಕು. ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ ಇದು. ಯುರೋಪಿನವರು ಇರೊಕ್ವಾ ಎಂದು ಕರೆದ ಹೋಡೆನೊಶೋನಿ ಜನಕ್ಕೆ ಇದು ಇಂದಿಗೂ ಸೃಷ್ಟಿಕರ್ತ ಕೊಟ್ಟ ಆಟ, ಕಾಯಿಲೆಯವರನ್ನು ಗುಣಪಡಿಸಲು ಆಡುವ ಆಟ. 1630ರ ದಶಕದಲ್ಲಿ ಫ್ರೆಂಚ್ ಪಾದ್ರಿ ಜಾನ್ ಡಿ ಬ್ರೆಬಫ್ ಹ್ಯೂರಾನ್ ಜನರ ನಡುವೆ ಇದನ್ನು ಕಂಡು ಬರೆದಿಟ್ಟ. 1867ರಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ನಿಯಮಗಳನ್ನು ಅಚ್ಚು ಹಾಕಿಸಿದ. 1904 ಮತ್ತು 1908ರ ಒಲಿಂಪಿಕ್ಸ್‌ಗಳಲ್ಲಿ ಪದಕದ ಆಟವಾಗಿದ್ದ ಲಕ್ರಾಸ್, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಆರು ಮಂದಿಯ ತಂಡದ ರೂಪದಲ್ಲಿ ಮರಳಲಿದೆ. ಆ ತೀರ್ಮಾನವಾದದ್ದು 2023ರ ಅಕ್ಟೋಬರಿನಲ್ಲಿ, ನಮ್ಮ ಮುಂಬಯಿಯಲ್ಲಿ ಸೇರಿದ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ. ಕ್ರಿಕೆಟ್ಟಿಗೂ ಅದೇ ಸಭೆಯಲ್ಲಿ ಬಾಗಿಲು ತೆರೆಯಿತು.

ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳು ಲಕ್ರಾಸ್ ತಂಡಗಳಿಗೆ ಹಣ ಸುರಿಯುತ್ತವೆ, ವಿದ್ಯಾರ್ಥಿವೇತನ ಕೊಡುತ್ತವೆ. ಆ ಭಾಗ್ಯವಿಲ್ಲದ ಕಾಲೇಜುಗಳ ಹುಡುಗರು ಕೈಕಟ್ಟಿ ಕೂರಲಿಲ್ಲ. ತಾವೇ ಕ್ಲಬ್ ಕಟ್ಟಿಕೊಂಡರು. ತಂಡಕ್ಕೆ ಸೇರುವವರು ವರ್ಷಕ್ಕೆ ಇಷ್ಟೆಂದು ವಂತಿಗೆ ಕೊಡುತ್ತಾರೆ. ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷ, ಇನ್ನೊಬ್ಬರನ್ನು ಖಜಾಂಚಿ ಎಂದು ಆರಿಸುತ್ತಾರೆ. ಮೈದಾನ ಗೊತ್ತು ಮಾಡುವುದು, ರೆಫರಿಗಳಿಗೆ ಹಣ ಹೊಂದಿಸುವುದು, ವ್ಯಾನ್ ಬಾಡಿಗೆ ಹಿಡಿಯುವುದು ಎಲ್ಲ ಅವರದೇ. ಇಂಥ ಗಂಡುಮಕ್ಕಳ ಕ್ಲಬ್ಬುಗಳಿಗೆ 2006ರಿಂದ ಒಂದು ರಾಷ್ಟ್ರೀಯ ಒಕ್ಕೂಟವಿದೆ. ದೇಶವನ್ನು ಪ್ರದೇಶಗಳಾಗಿ ಹಂಚಿಕೊಂಡು, ಆಯಾ ಪ್ರದೇಶದ ತಂಡಗಳು ವಸಂತಕಾಲದಲ್ಲಿ ವಾರ ವಾರವೂ ಆಡುತ್ತವೆ. ವಾರದ ನಡುವೆ ಸಂಜೆ ಅಭ್ಯಾಸ, ಶುಕ್ರವಾರ ಪ್ರಯಾಣ, ಶನಿವಾರ ಒಂದು ಊರಿನಲ್ಲಿ ಪಂದ್ಯ, ಭಾನುವಾರ ಹಾದಿಯಲ್ಲಿ ಸಿಗುವ ಇನ್ನೊಂದು ಊರಿನಲ್ಲಿ ಪಂದ್ಯ, ಸೋಮವಾರ ತರಗತಿ. ಮೇ ತಿಂಗಳಲ್ಲಿ ಚಾಂಪಿಯನ್ ಯಾರೆಂದು ಗೊತ್ತಾಗುವ ಹೊತ್ತಿಗೆ ಒಂದೂ ಪಂದ್ಯ ಗೆಲ್ಲದ ತಂಡದ ಹುಡುಗನೂ ಇಡೀ ಋತು ಆಡಿರುತ್ತಾನೆ.

ಅವರ ದುಡ್ಡು ನಮ್ಮಲ್ಲಿಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಅವರ ಆಟಕ್ಕೆ ಹೆಲ್ಮೆಟ್, ಕೈಗವಸು, ಕೋಲು, 110 ಗಜದ ಮೈದಾನ ಬೇಕು. ಖೋ ಖೋಗೆ ಬೇಕಾದದ್ದು 16 ಮೀಟರ್ ಅಗಲದ ಸಮತಟ್ಟಾದ ನೆಲ, ಅದರಲ್ಲಿ 24 ಮೀಟರ್ ಅಂತರದಲ್ಲಿ ನೆಟ್ಟ ಎರಡು ಮರದ ಕಂಬ, ಎದೆಮಟ್ಟಕ್ಕೆ ಬರುವ ಸುಮಾರು 120 ಸೆಂಟಿಮೀಟರ್ ಎತ್ತರದವು. ಗೆರೆ ಎಳೆಯಲು ಸುಣ್ಣ. ಬಿದ್ದರೆ ಮೊಣಕಾಲು ಕಿತ್ತುಹೋಗದಂತೆ ಕಲ್ಲು ಆರಿಸಿ ಹದಮಾಡಿದ ಕೆಂಪು ಮಣ್ಣು. ಇದರಲ್ಲಿ ಹಾವೇರಿ ಜಿಲ್ಲೆಗೆ ಕೊರತೆಯಾಗುವ ವಸ್ತು ಯಾವುದೂ ಇಲ್ಲ.

ಒಟ್ಟುಗೂಡಿ ನಡೆಸುವ ಜಾಣ್ಮೆಗೂ ಕೊರತೆಯಿಲ್ಲ. ದೀಪಾವಳಿ ಬಂತೆಂದರೆ ಹಿರೇಕೆರೂರು, ಹಾನಗಲ್ಲ, ಹಾವೇರಿ ತಾಲ್ಲೂಕುಗಳ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುತ್ತವೆ. ಕೊಬ್ಬರಿ ಹಾರ ತೊಟ್ಟ ಹೋರಿಗಳು ಅಖಾಡದಲ್ಲಿ ಓಡುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಪಟ್ಟಿ ಎತ್ತುವುದು, ಬೇಲಿ ಕಟ್ಟುವುದು, ಮೈಕ್ ಹಾಕಿಸುವುದು, ಬಹುಮಾನ ಹೊಂದಿಸುವುದು, ಬಂದವರಿಗೆ ನೀರು ನೆರಳು ನೋಡುವುದು ಎಲ್ಲವನ್ನೂ ಊರ ಹುಡುಗರ ಸಮಿತಿಯೇ ಮಾಡುತ್ತದೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳೂ ಹಾಗೆಯೇ ನಡೆಯುತ್ತವೆ. ಅಮೆರಿಕದ ಕ್ಲಬ್ ಹುಡುಗರು ಕಚೇರಿ ಕೆಲಸವೆಂದು ಮಾಡುವುದನ್ನು ಇಲ್ಲಿನವರು ಹಬ್ಬದ ಕೆಲಸವೆಂದು ಮಾಡುತ್ತಾರೆ. ಕಾಲೇಜು ಲೀಗ್ ಕಟ್ಟಲು ಹೊಸ ಮನುಷ್ಯರನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಲೀಗ್ ಪದ್ಧತಿ ಆಟದ ಗತಿಯನ್ನೇ ಹೇಗೆ ಬದಲಿಸುತ್ತದೆಂಬುದಕ್ಕೆ ಖೋ ಖೋದಲ್ಲೇ ಈಚಿನ ಒಂದು ವಾರ ಸಾಕ್ಷಿಯಾಗಿದೆ. 2025ರ ಜನವರಿ 13ರಿಂದ 19ರವರೆಗೆ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಗಂಡುಮಕ್ಕಳ ವಿಭಾಗದಲ್ಲಿ 20, ಹೆಣ್ಣುಮಕ್ಕಳ ವಿಭಾಗದಲ್ಲಿ 19 ದೇಶಗಳು. ಒಂದೊಂದು ತಂಡದ ಸರದಿ ಏಳು ನಿಮಿಷ, ಒಂದು ಔಟ್‌ಗೆ ಎರಡು ಅಂಕ, ಮಣ್ಣಿನ ಬದಲು ಮ್ಯಾಟ್. ಗುಂಪುಗಳಲ್ಲಿ ಲೀಗ್, ಆಮೇಲೆ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್.

ಮೊದಲ ದಿನವೇ ಭಾರತದ ಗಂಡುಮಕ್ಕಳ ತಂಡಕ್ಕೆ ಎದುರಾದದ್ದು ನೇಪಾಳ. 42–37. ಐದೇ ಅಂಕಗಳ ಅಂತರದಲ್ಲಿ ಭಾರತ ಗೆದ್ದಿತು. ಅದು ನಾಕೌಟ್ ಪಂದ್ಯವಾಗಿದ್ದರೆ ಆ ಟೂರ್ನಿಯ ಎರಡನೇ ಅತ್ಯುತ್ತಮ ತಂಡ ಮೊದಲ ರಾತ್ರಿಯೇ ಕಠ್ಮಂಡುವಿಗೆ ಟಿಕೆಟ್ ಮಾಡಿಸಬೇಕಿತ್ತು. ಲೀಗ್ ಇದ್ದದ್ದರಿಂದ ನೇಪಾಳ ಉಳಿಯಿತು, ಮುಂದಿನ ಪಂದ್ಯಗಳನ್ನು ಗೆದ್ದಿತು, ಆರು ದಿನಗಳ ನಂತರ ಫೈನಲ್‌ನಲ್ಲಿ ಮತ್ತೆ ಭಾರತದ ಎದುರು ನಿಂತಿತು. ಆ ಆರು ದಿನಗಳಲ್ಲಿ ಭಾರತದವರು ಬ್ರೆಜಿಲ್, ಪೆರು, ಭೂತಾನ್ ತಂಡಗಳ ಮೇಲೆ ಆಡಿದ್ದರು, ಆಮೇಲೆ ಶ್ರೀಲಂಕಾ ಮತ್ತು ದಕ್ಷಿಣ ಆಫ್ರಿಕಾವನ್ನು ದಾಟಿ ಬಂದಿದ್ದರು. ಮೊದಲ ದಿನ ಎಲ್ಲಿ ತಡವರಿಸಿದೆವು ಎಂದು ಕುಳಿತು ನೋಡಲು ಅವರಿಗೆ ಸಮಯ ಸಿಕ್ಕಿತ್ತು. ಫೈನಲ್ ಮುಗಿದಾಗ ಅಂಕಪಟ್ಟಿ 54–36. ಐದರ ಅಂತರ ಹದಿನೆಂಟಕ್ಕೆ ಏರಿತ್ತು.

ಹೆಣ್ಣುಮಕ್ಕಳ ತಂಡದ ವಾರ ಬೇರೆಯೇ ರೀತಿಯದು. ದಕ್ಷಿಣ ಕೊರಿಯಾದ ಮೇಲೆ 175–18ರಿಂದ ಆರಂಭಿಸಿದವರು, ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 66–16ರಿಂದ, ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಕರ್ನಾಟಕದ ಬಿ. ಚೈತ್ರಾ ಇದ್ದರು, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಓಡುವ ಗುಂಪು ಮೂರು ನಿಮಿಷ ಔಟಾಗದೆ ಉಳಿದರೆ ಅದನ್ನು ‘ಡ್ರೀಮ್ ರನ್’ ಎನ್ನುತ್ತಾರೆ, ಅದಕ್ಕೆ ಹೆಚ್ಚುವರಿ ಅಂಕ ಸಿಗುತ್ತದೆ. ಫೈನಲ್‌ನಲ್ಲಿ ಚೈತ್ರಾ ಇದ್ದ ಗುಂಪಿನ ಓಟ ಐದು ನಿಮಿಷ ದಾಟಿತು. ಏಳು ನಿಮಿಷದ ಸರದಿಯಲ್ಲಿ ಐದು ನಿಮಿಷ ಎದುರಾಳಿಯ ಕೈಗೆ ಸಿಗದಿರುವುದೆಂದರೆ ಆ ಸರದಿಯನ್ನೇ ಕಸಿದುಕೊಂಡಂತೆ. ಗಂಡುಮಕ್ಕಳ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು. ಇಬ್ಬರೂ ವಿಶ್ವಕಪ್ ಗೆದ್ದು ಬಂದರು. ಆದರೆ 2022ರಲ್ಲಿ ಆರಂಭವಾದ ವೃತ್ತಿಪರ ಲೀಗ್ ಅಲ್ಟಿಮೇಟ್ ಖೋ ಖೋದ ಆರು ತಂಡಗಳಲ್ಲಿ ಗುಜರಾತ್, ಮುಂಬಯಿ, ಚೆನ್ನೈ, ಒಡಿಶಾ, ರಾಜಸ್ಥಾನ, ತೆಲುಗು ನಾಡುಗಳ ಹೆಸರಿದ್ದರೂ ಕರ್ನಾಟಕದ ಹೆಸರಿನ ತಂಡವಿರಲಿಲ್ಲ. ಕೆಳಗಿನಿಂದ ಲೀಗ್ ಕಟ್ಟಿಕೊಂಡು ಬರದ ರಾಜ್ಯಕ್ಕೆ ಮೇಲಿನ ಲೀಗಿನಲ್ಲೂ ಜಾಗ ಸಿಗುವುದು ಕಷ್ಟ ಎಂದು ಇದರಿಂದ ತಿಳಿಯಬಹುದೇನೋ.

ಖೋ ಖೋ ಮೇಲ್ನೋಟಕ್ಕೆ ಕಾಲಿನ ಆಟ. ನಿಜದಲ್ಲಿ ನೆನಪಿನ ಆಟ. ಅದಕ್ಕೇ ಒಂದೇ ಎದುರಾಳಿಯನ್ನು ಮತ್ತೆ ಮತ್ತೆ ಎದುರಿಸುವುದು ಇಲ್ಲಿ ಅಷ್ಟು ಮುಖ್ಯವಾಗುತ್ತದೆ.

ಅಟ್ಟುವವಳಿಗೆ ಕಟ್ಟುಪಾಡುಗಳು ಹೆಚ್ಚು. ನಡುವಿನ ಪಟ್ಟಿ ದಾಟುವಂತಿಲ್ಲ. ಒಂದು ದಿಕ್ಕಿಗೆ ಹೊರಟರೆ ಕಂಬ ತಲುಪುವವರೆಗೆ ಹಿಂದಕ್ಕೆ ತಿರುಗುವಂತಿಲ್ಲ. ಭುಜ ತಿರುಗಿಸಿದರೂ ಫೌಲ್. ಕುಳಿತವಳ ಬೆನ್ನು ಮುಟ್ಟಿ, ಕೇಳುವಂತೆ ‘ಖೋ’ ಎಂದು ಕೂಗಿಯೇ ಜಾಗ ಬಿಟ್ಟುಕೊಡಬೇಕು. ಓಡುವವಳಿಗೆ ಆ ಬಂಧನವಿಲ್ಲ. ಕುಳಿತ ಎಂಟು ಮಂದಿಯ ನಡುವೆ ಎಲ್ಲಿಂದ ಎಲ್ಲಿಗೆ ಬೇಕಾದರೂ ನುಸುಳಬಹುದು, ಅವರನ್ನು ಮುಟ್ಟದಿದ್ದರಾಯಿತು. ಕೆಲವರು ಚೈನ್ ಓಡುತ್ತಾರೆ: ಕುಳಿತ ಒಬ್ಬೊಬ್ಬರನ್ನೂ ಬಲಕ್ಕೆ ಎಡಕ್ಕೆ ಸುತ್ತಿ ಹೂ ಕಟ್ಟಿದ ಹಾಗೆ ಸಾಗುತ್ತಾರೆ. ಕೆಲವರು ಕಂಬದ ಹತ್ತಿರ ಮೂರು ನಾಲ್ಕು ಚೌಕದೊಳಗೇ ರಿಂಗ್ ಸುತ್ತುತ್ತ ಅಟ್ಟುವವರನ್ನು ದಣಿಸುತ್ತಾರೆ. ಒಳ್ಳೆಯ ಅಟ್ಟುವವಳು ಮುಂದಿರುವವಳ ಕಾಲು ನೋಡುವುದಿಲ್ಲ, ಸೊಂಟ ನೋಡುತ್ತಾಳೆ. ಸೊಂಟ ಎತ್ತ ಬಾಗಿತೋ ಕಾಲು ಅತ್ತ ಹೋಗುತ್ತದೆ. ಕಂಬದ ಹತ್ತಿರ ಬಂದಾಗ ಒಂದು ಕೈಯಲ್ಲಿ ಕಂಬ ತಬ್ಬಿ, ಇನ್ನೊಂದು ಕೈ ಚಾಚಿ ಮೈಯೆಲ್ಲ ಗಾಳಿಗೆ ಬಿಟ್ಟು ಹಾರುವ ಪೋಲ್ ಡೈವ್ ಈ ಆಟದ ಅತಿ ಸೊಗಸಾದ ಕ್ಷಣ. ಸುತ್ತ ನಿಂತವರು ‘ಹಿಡಿಯವ್ವಾ, ಹಿಡಿ!’ ಎಂದು ಒಂದೇ ಉಸಿರಿಗೆ ಕೂಗುವುದು ಆಗಲೇ.

ಒಂದು ತಂಡ ತನ್ನ ಮೊದಲ ಮೂವರನ್ನು ಯಾವ ಲೆಕ್ಕದಲ್ಲಿ ಇಳಿಸುತ್ತದೆ, ಅವರಲ್ಲಿ ಚೈನ್ ಓಡುವವಳು ಯಾರು, ರಿಂಗ್ ಸುತ್ತುವವಳು ಯಾರು, ಒತ್ತಡ ಬಂದಾಗ ಯಾರು ಎಡಕ್ಕೇ ಹೊರಳುತ್ತಾಳೆ: ಇವೆಲ್ಲ ಮೊದಲ ಪಂದ್ಯದಲ್ಲಿ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಪಂದ್ಯ ಮುಗಿದಿರುತ್ತದೆ. ನಾಕೌಟಿನಲ್ಲಿ ಸೋತ ತಂಡಕ್ಕೆ ಆ ತಿಳಿವಳಿಕೆ ಆ ವರ್ಷಕ್ಕೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಮುಂದಿನ ವರ್ಷ ಬರುವಷ್ಟರಲ್ಲಿ ಕೊನೆಯ ವರ್ಷದವರು ಕಾಲೇಜು ಬಿಟ್ಟಿರುತ್ತಾರೆ. ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಮದುವೆಯೂ ಆಗಿರುತ್ತದೆ. ಈ ಸೀಮೆಯಲ್ಲಿ ಪದವಿಯ ಮೂರು ವರ್ಷ ಎಷ್ಟೋ ಹುಡುಗಿಯರಿಗೆ ಆಟದ ಕೊನೆಯ ಮೂರು ವರ್ಷ ಎಂಬುದನ್ನು ಪಂದ್ಯಾವಳಿ ಏರ್ಪಡಿಸುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕ್ರಿಕೆಟ್ಟಿನವರು ಈ ಪಾಠವನ್ನು ಬಹಳ ಹಿಂದೆಯೇ ಕಲಿತರು. 1934–35ರಲ್ಲಿ ಆರಂಭವಾದ ರಣಜಿ ಟ್ರೋಫಿ ಎರಡು ದಶಕಕ್ಕೂ ಹೆಚ್ಚು ಕಾಲ ನಾಕೌಟ್ ಪಂದ್ಯಾವಳಿಯಾಗಿತ್ತು. ಒಂದು ಪಂದ್ಯ ಸೋತ ರಾಜ್ಯ ತಂಡ ಮುಂದಿನ ವರ್ಷಕ್ಕೆ ಕಾಯುತ್ತಿತ್ತು. 1957–58ರಿಂದ ವಲಯಗಳೊಳಗೆ ಲೀಗ್ ಬಂತು. ಎಲ್ಲ ರಾಜ್ಯಗಳ ಆಟಗಾರರಿಗೂ ಋತುವಿಗೆ ಇಷ್ಟು ಪಂದ್ಯ ಎಂಬ ಖಾತ್ರಿ ಸಿಕ್ಕಿತು. ಮೈಸೂರು ಎಂದು ಆಡಿಕೊಂಡು ಬಂದ ನಮ್ಮ ರಾಜ್ಯ 1973–74ರಲ್ಲಿ ಮೊದಲ ಬಾರಿಗೆ ರಣಜಿ ಗೆದ್ದದ್ದು ಲೀಗಿನಲ್ಲಿ ಹದಗೊಂಡ ತಂಡದಿಂದ. ಹಾವೇರಿಗೆ ಹತ್ತಿರದ ಉದಾಹರಣೆಯೆಂದರೆ ಗದಗಿನ ಸುನಿಲ್ ಜೋಶಿ. ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದ ಹುಡುಗ 1995–96ರ ಒಂದೇ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. 1996ರಲ್ಲಿ ಭಾರತ ತಂಡಕ್ಕೆ ಬಂದರು. ಒಂದು ಪಂದ್ಯ ಆಡಿ ಮನೆಗೆ ಹೋಗಬೇಕಾದ ಪದ್ಧತಿಯಲ್ಲಿ ಇಂಥ ಅಂಕಿಗಳು ಹುಟ್ಟುವುದೇ ಸಾಧ್ಯವಿರಲಿಲ್ಲ. ಪ್ರತಿಭೆ ಎಲ್ಲಿದೆ ಎಂದು ಆಯ್ಕೆಗಾರರಿಗೆ ಕಾಣಿಸಲು ಪಂದ್ಯಗಳ ಸಂಖ್ಯೆ ಬೇಕು.

ಖೋ ಖೋದ ಆಯ್ಕೆಯಲ್ಲೂ ಇದೇ ತೊಡಕು. ಹಳೆಯ ಆಟ ಇದು. ಪುಣೆಯ ಡೆಕ್ಕನ್ ಜಿಮ್ಖಾನಾ 1914ರಲ್ಲೇ ನಿಯಮಗಳನ್ನು ರೂಪಿಸಲು ಕುಳಿತಿತ್ತು. ಆಗ ಹಾನಗಲ್ಲ, ಹಿರೇಕೆರೂರುಗಳೂ ಪುಣೆಯ ಹಾಗೆ ಮುಂಬಯಿ ಪ್ರಾಂತದಲ್ಲೇ ಇದ್ದವು. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಭಾರತದ ದೇಸಿ ಆಟಗಳನ್ನು ಪ್ರದರ್ಶಿಸಿ ಬಂದರು. 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಖೋ ಖೋ ಪದಕದ ಆಟವಾಯಿತು, ಎರಡೂ ಚಿನ್ನ ಭಾರತಕ್ಕೆ ಬಂದವು. 1998ರ ನಂತರ ಈ ಆಟಕ್ಕೆ ಅರ್ಜುನ ಪ್ರಶಸ್ತಿ ಮತ್ತೆ ದೊರೆತದ್ದು 2020ರಲ್ಲಿ, ಮಹಾರಾಷ್ಟ್ರದ ಸಾರಿಕಾ ಕಾಳೆ ಅವರಿಗೆ. ನಡುವಿನ ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ಊರುಗಳಲ್ಲಿ ಎಷ್ಟು ಒಳ್ಳೆಯ ಆಟಗಾರರು ಆಯ್ಕೆಗಾರರ ಕಣ್ಣಿಗೆ ಬೀಳದೆ ಬಂದು ಹೋದರೋ!

ಈಗ ಆರು ಕಾಲೇಜುಗಳ ಒಂದು ವಾರವನ್ನು ನಿಜವಾಗಿಯೇ ಕಾಗದದ ಮೇಲೆ ಇಟ್ಟು ನೋಡಬಹುದು. ಹಿರೇಕೆರೂರು, ರಟ್ಟೀಹಳ್ಳಿ, ಹಾನಗಲ್ಲ, ಶಿಗ್ಗಾವಿ, ಸವಣೂರು, ಹಾವೇರಿ: ಊರಿಗೊಂದು ತಂಡ. ದಿನಕ್ಕೆ ಮೂರು ಪಂದ್ಯ ಇಟ್ಟರೆ ಆರೂ ತಂಡಗಳು ಅಂದು ಆಡುತ್ತವೆ. ಹೀಗೆ ಐದು ದಿನಕ್ಕೆ 15 ಪಂದ್ಯ ಮುಗಿಯುತ್ತವೆ, ಸೋಮವಾರದಿಂದ ಶುಕ್ರವಾರ. ಶನಿವಾರ ಮೊದಲೆರಡು ಸ್ಥಾನದವರ ಫೈನಲ್. ಬಿಡುವು ಸೇರಿ ಒಂದು ಪಂದ್ಯಕ್ಕೆ ಸುಮಾರು ಒಂದು ಗಂಟೆ. ಮಧ್ಯಾಹ್ನ ಒಂದು ಗಂಟೆಗೆ ಆರಂಭಿಸಿದರೆ ನಾಲ್ಕೂವರೆಗೆ ಮೈದಾನ ಖಾಲಿ. ಬೆಳಗಿನ ತರಗತಿಗಳೂ ಪೂರ್ತಿ ತಪ್ಪುವುದಿಲ್ಲ.

ಎಲ್ಲ ಪಂದ್ಯಗಳನ್ನೂ ಹಾವೇರಿಯ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣದಲ್ಲೇ ನಡೆಸುವುದು ಸುಲಭ. ಎಲ್ಲ ತಾಲ್ಲೂಕುಗಳಿಂದಲೂ ಅಲ್ಲಿಗೆ ನೇರ ಬಸ್ಸುಗಳಿವೆ. ಆದರೂ ದಿನಕ್ಕೊಂದು ಊರಿನಲ್ಲಿ ಆಡಿಸುವುದೇ ಮೇಲು. ಹಾನಗಲ್ಲಿನ ಹುಡುಗಿಯ ಆಟವನ್ನು ಹಾನಗಲ್ಲಿನ ಜನ ನೋಡಬೇಕು. ಅವಳ ಅವ್ವ, ಅಪ್ಪ, ಸೋದರತ್ತೆ ಬಂದು ಗೆರೆಯ ಆಚೆ ನಿಲ್ಲಬೇಕು. ಮಗಳು ದೂರದ ಊರಿಗೆ ‘ಆಟಕ್ಕೆ’ ಹೋದಳು ಎಂದು ಕೇಳುವುದಕ್ಕೂ, ಮಗಳು ಕಂಬದ ಹತ್ತಿರ ಹಾರಿ ಔಟ್ ಮಾಡಿದ್ದನ್ನು ಕಣ್ಣಾರೆ ನೋಡುವುದಕ್ಕೂ ಮನೆಯಲ್ಲಿ ಬಹಳ ವ್ಯತ್ಯಾಸವಾಗುತ್ತದೆ. ಮುಂದಿನ ವರ್ಷ ಆಡಲು ಕಳಿಸಬೇಕೋ ಬೇಡವೋ ಎಂಬ ಮಾತು ಅಲ್ಲಿಯೇ ತೀರ್ಮಾನವಾಗುತ್ತದೆ.

ಪ್ರಯಾಣದ ಖರ್ಚಿನ ವಿಷಯದಲ್ಲಿ ಮೊದಲಿಲ್ಲದ ಒಂದು ಅನುಕೂಲ ಈಗ ಹೆಣ್ಣುಮಕ್ಕಳ ತಂಡಗಳಿಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಹನ್ನೆರಡು ಹುಡುಗಿಯರು ಮತ್ತು ಜೊತೆಗೆ ಬರುವ ಮೇಡಂ ವಾಯವ್ಯ ಸಾರಿಗೆ ಬಸ್ಸಿನಲ್ಲಿ ರಟ್ಟೀಹಳ್ಳಿಯಿಂದ ಸವಣೂರಿಗೆ ಹೋಗಿ ಬರಲು ಕಾಲೇಜು ಒಂದು ರೂಪಾಯಿ ಟಿಕೆಟ್ ಹಣವನ್ನೂ ಹೊಂದಿಸಬೇಕಿಲ್ಲ. ಹಿಂದೆ ‘ಹುಡುಗರ ತಂಡ ಕಳಿಸಿದರೆ ಸಾಕು, ಎರಡೂ ಕಳಿಸಲು ದುಡ್ಡಿಲ್ಲ’ ಎಂಬ ಮಾತಿಗೆ ಎದುರಾಡಲು ಆಗುತ್ತಿರಲಿಲ್ಲ. ಈಗ ಲೆಕ್ಕ ತಿರುಗಿದೆ. ಟಿಕೆಟ್ ದುಡ್ಡಿನ ಚಿಂತೆ ಹುಡುಗರ ತಂಡಕ್ಕೆ. ವಿದ್ಯಾರ್ಥಿ ಪಾಸು ಮನೆ ಮತ್ತು ಕಾಲೇಜಿನ ನಡುವಿನ ದಾರಿಗೆ ಮಾತ್ರ ನಡೆಯುತ್ತದೆ. ಹಾಗಾಗಿ ಈ ಸೀಮೆಯಲ್ಲಿ ಕಾಲೇಜು ಖೋ ಖೋ ಲೀಗ್ ಶುರುವಾಗುವುದಾದರೆ ಅದು ಹೆಣ್ಣುಮಕ್ಕಳ ಲೀಗಾಗಿ ಶುರುವಾಗಲಿ. ಗಂಡುಮಕ್ಕಳದು ಎರಡನೆಯ ವರ್ಷಕ್ಕೆ ಸೇರಿಕೊಳ್ಳಲಿ.

ತೊಂದರೆಗಳೂ ಇವೆ. ಶಿಗ್ಗಾವಿ, ಸವಣೂರು ಜಿಲ್ಲೆಯ ಉತ್ತರದ ಅಂಚಿನಲ್ಲಿವೆ. ಮಾಸೂರು, ಹಿರೇಕೆರೂರು ದಕ್ಷಿಣದಲ್ಲಿ, ಶಿವಮೊಗ್ಗ ಜಿಲ್ಲೆಯ ಗಡಿಗೆ ಹತ್ತಿಕೊಂಡಂತಿವೆ. ಸವಣೂರಿನಲ್ಲಿ ನಾಲ್ಕೂವರೆಗೆ ಪಂದ್ಯ ಮುಗಿಸಿದ ಹುಡುಗಿ ಹಾವೇರಿಯಲ್ಲಿ ಬಸ್ ಬದಲಿಸಿ ಹಿರೇಕೆರೂರು ತಲುಪಿ, ಅಲ್ಲಿಂದ ತನ್ನ ಹಳ್ಳಿಯ ಕೊನೆಯ ಬಸ್ ಹಿಡಿಯಬೇಕು. ಅದು ತಪ್ಪಿದರೆ ಮನೆಯವರು ಮತ್ತೆ ಕಳಿಸುವುದಿಲ್ಲ, ಕಳಿಸದಿರುವುದು ತಪ್ಪೂ ಅಲ್ಲ. ಆದ್ದರಿಂದ ದೂರದ ಜೋಡಿಗಳ ದಿನ ಪಂದ್ಯಗಳ ಕ್ರಮವನ್ನು ಬಸ್ಸಿನ ವೇಳಾಪಟ್ಟಿ ಎದುರಿಟ್ಟುಕೊಂಡೇ ಬರೆಯಬೇಕು: ದೂರದಿಂದ ಬಂದವರ ಪಂದ್ಯ ಮೊದಲು, ಹತ್ತಿರದವರದು ಕೊನೆಗೆ. ಇಲ್ಲವೇ ಆ ಒಂದು ರಾತ್ರಿ ಆತಿಥೇಯ ಊರಿನ ವಿದ್ಯಾರ್ಥಿನಿ ನಿಲಯದಲ್ಲಿ ತಂಗುವ ಏರ್ಪಾಡು ಬೇಕು. ಅಮೆರಿಕದ ಕ್ಲಬ್ ಹುಡುಗರು ಶುಕ್ರವಾರ ರಾತ್ರಿ ವ್ಯಾನ್ ಹತ್ತಿ ಹೊರಟ ಹಾಗೆ ಇಲ್ಲಿ ಹೊರಡಲಾಗದು.

ಮೈಯ ಮೇಲಿನ ಭಾರವನ್ನೂ ಮರೆಯುವಂತಿಲ್ಲ. ಐದು ದಿನ ಬಿಡದೆ ಆಡಿದರೆ ಮೊಣಕಾಲು, ಹಿಮ್ಮಡಿ ಕೇಳುವುದಿಲ್ಲ. ಆದರೆ ಇಲ್ಲಿಯೇ ಹೊರಗೆ ಕುಳಿತ ಮೂವರಿಗೆ ಬಾಗಿಲು ತೆರೆಯುತ್ತದೆ. ಒಂದೇ ಪಂದ್ಯದ ನಾಕೌಟಿನಲ್ಲಿ ಯಾವ ತರಬೇತುದಾರರೂ ಹನ್ನೆರಡನೆಯ ಆಟಗಾರ್ತಿಯನ್ನು ಇಳಿಸುವ ಧೈರ್ಯ ಮಾಡುವುದಿಲ್ಲ. ಐದು ಪಂದ್ಯಗಳ ವಾರದಲ್ಲಿ ಬುಧವಾರದ ಹೊತ್ತಿಗೆ ಇಳಿಸಲೇಬೇಕಾಗುತ್ತದೆ. ಎಷ್ಟೋ ಒಳ್ಳೆಯ ಓಟಗಾರ್ತಿಯರು ಬೆಳಕಿಗೆ ಬರುವುದು ಹೀಗೆ, ಬೇರೆಯವರ ಕಾಲು ಉಳುಕಿದ ದಿನ.

ಕಾಲವೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹಾನಗಲ್ಲಿನ ಕಡೆ ಮಲೆನಾಡಿನ ಸೆರಗಿನ ಮಳೆ, ಶಿಗ್ಗಾವಿ, ಸವಣೂರಿನ ಎರೆಭೂಮಿಯಲ್ಲಿ ಕಾಲಿಟ್ಟರೆ ಅಂಟುವ ಕೆಸರು. ದೀಪಾವಳಿ ಕಳೆದು, ಮೆಕ್ಕೆಜೋಳ ಕಣಕ್ಕೆ ಬಂದು, ಪರೀಕ್ಷೆ ಇನ್ನೂ ದೂರವಿರುವ ವಾರವೊಂದನ್ನು ಹುಡುಕಬೇಕು. ನೆಲ ಒಣಗಿರುತ್ತದೆ, ಬಿಸಿಲು ತೀಕ್ಷ್ಣವಾಗಿರುವುದಿಲ್ಲ, ಹೋರಿ ಹಬ್ಬಕ್ಕೆ ದುಡಿದ ಸಮಿತಿಗಳ ಕೈಯೂ ಬಿಡುವಾಗಿರುತ್ತದೆ.

ಪ್ರತಿ ಪಂದ್ಯದಲ್ಲೂ ಯಾರು ಎಷ್ಟು ನಿಮಿಷ ಓಡಿದರು, ಎಷ್ಟು ಮಂದಿಯನ್ನು ಔಟ್ ಮಾಡಿದರು ಎಂದು ಅಂಕಪತ್ರದಲ್ಲಿ ಬರೆದುಕೊಳ್ಳುವುದು ಖೋ ಖೋದಲ್ಲಿ ಹೊಸತಲ್ಲ. ನಾಕೌಟಿನ ಒಂದು ದಿನದಲ್ಲಿ ಆ ಪತ್ರಕ್ಕೆ ಬೆಲೆಯಿಲ್ಲ, ಏಕೆಂದರೆ ಒಂದು ಪಂದ್ಯದ ಅಂಕಿಯಿಂದ ಏನನ್ನೂ ಹೇಳಲಾಗದು. ಆರು ಊರುಗಳ ಒಂದು ವಾರ ಮುಗಿದಾಗ 72 ಆಟಗಾರ್ತಿಯರ, ತಲಾ ಐದು ಪಂದ್ಯಗಳ ಲೆಕ್ಕ ಒಂದು ವಹಿಯಲ್ಲಿ ಇರುತ್ತದೆ. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ವಿಶ್ವವಿದ್ಯಾಲಯದ ತಂಡ ಆರಿಸಲು ಕುಳಿತವರು ಆ ವಹಿ ತೆರೆದು, ಕೊನೆಯ ಸ್ಥಾನದಲ್ಲಿ ಉಳಿದ ಕಾಲೇಜಿನಲ್ಲಿ ಪಂದ್ಯಕ್ಕೆ ಎರಡೂವರೆ ನಿಮಿಷದಂತೆ ನಿಂತ ಹುಡುಗಿ ಯಾರೆಂದು ನೋಡಿ, ಅವಳ ಕಾಲೇಜಿಗೆ ಫೋನ್ ಮಾಡಬಹುದು.